ಕಂಪನಿ ಗಾಡಿ ಬರ್ತೈತಿ, ಮುಟ್ಟಬ್ಯಾಡ್ರಿ

ಸಾಮಾನು ಕೊಳ್ಳುವಾಗ ಕೆಲವರು ಬಣ್ಣ ನೋಡುತ್ತಾರೆ, ಕೆಲವರು ಬೆಲೆ ನೋಡುತ್ತಾರೆ. ನಾನು ಮಾತ್ರ ಅದು ಕೆಟ್ಟರೆ ಏನು ಗತಿ ಎಂದು ನೋಡುತ್ತೇನೆ. ಮಿಕ್ಸರ್ ಕೊಳ್ಳಲು ಹೋದರೆ ಅದು ಚಟ್ನಿಯನ್ನು ಎಷ್ಟು ನುಣ್ಣಗೆ ಅರೆಯುತ್ತದೆ ಎಂದು ಕೇಳುವುದಿಲ್ಲ, ಅರೆಯದಿದ್ದರೆ ಯಾರನ್ನು ಹಿಡಿಯಬೇಕು ಎಂದು ಕೇಳುತ್ತೇನೆ. ಛತ್ರಿಗೂ ವಾರಂಟಿ ಕೇಳಿ ಕೊಪ್ಪಳದ ಬಜಾರದಲ್ಲಿ ಬೈಸಿಕೊಂಡವನು ನಾನು. ನನ್ನ ಹೆಂಡತಿ ಗಿರಿಜಾ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ. "ಇವರು ನನ್ನ ನೋಡಾಕ ಯಲಬುರ್ಗಾಕ್ಕ ಬಂದಾಗ ಅಡಗಿ ಬರ್ತೈತೇನು, ಹಾಡಾ ಬರ್ತೈತೇನು ಅಂತ ಕೇಳಲಿಲ್ಲ. ಜ್ವರಾ ಗಿರಾ ಬರೂದು ಹೆಂಗ ಅಂತ ಕೇಳಿದ್ರು," ಎನ್ನುತ್ತಾಳೆ. ಕೇಳಿದ್ದು ನಿಜ. ಆದರೆ ಕಾಳಜಿಯಿಂದ ಕೇಳಿದ್ದೆ. ಅದನ್ನು ಅವಳಾಗಲಿ ಅವಳ ತವರಿನವರಾಗಲಿ ಇವತ್ತಿನವರೆಗೂ ಒಪ್ಪಿಲ್ಲ.

ಇಂಥ ನಾನು ಒಂದು ಹೊಸ ಮೋಟಾರ್ ಸೈಕಲ್ಲು ಕೊಂಡೆ. ಶೋರೂಮಿನವನು ಮೈಲೇಜು, ಬ್ರೇಕು, ಬಣ್ಣ ಎಂದು ಒಂದೊಂದಾಗಿ ವರ್ಣಿಸುತ್ತಿದ್ದಾಗ ನಾನು ಆಕಳಿಸುತ್ತಿದ್ದೆ. ಕೊನೆಗೆ ಅವನು, "ಸರ, ಇದರ ಜೋಡಿ ಕಂಪನಿಯವರ ರಸ್ತಾ ನೆರವು ಬರ್ತೈತ್ರಿ," ಎಂದ. ನಾನು ನೆಟ್ಟಗೆ ಕೂತೆ. "ದೇಶದಾಗ ಎಲ್ಲೆ ಗಾಡಿ ನಿಂದ್ರಲಿ, ಒಂದ್ ಫೋನ್ ಹಚ್ರಿ ಸಾಕು. ಪಂಕ್ಚರ್ ಆಗ್ಲಿ, ಪೆಟ್ರೋಲ್ ಮುಗೀಲಿ, ಕೀಲಿ ಕಳೀಲಿ, ಕಂಪನಿ ಗಾಡಿ ಬರ್ತೈತಿ. ಅಲ್ಲೇ ರಿಪೇರಿ ಆಗಲಿಲ್ಲಂದ್ರ ಎತ್ತಿ ಹಾಕ್ಕೊಂಡು ಹತ್ತಿರದ ವರ್ಕ್‌ಶಾಪಿಗೆ ಮುಟ್ಟಸ್ತಾರ. ಒಂದ ಮಾತು ನೆನಪಿಡ್ರಿ. ರಸ್ತಾದಾಗ ಸಿಕ್ಕವರ ಕೈಲೆ ಗಾಡಿ ಬಿಚ್ಚಸಬ್ಯಾಡ್ರಿ. ಬಿಚ್ಚಿಸಿದ್ರ ಕಂಪನಿಯವ್ರು ಒಪ್ಪೂದಿಲ್ಲ." ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ದಿನ ಜಗತ್ತಿನಲ್ಲಿ ನಾನೊಬ್ಬನೇ ಮುಂದಾಲೋಚನೆಯವನು ಎಂದುಕೊಂಡಿದ್ದೆ. ನನ್ನಂಥವರೇ ಸೇರಿ ಒಂದು ಕಂಪನಿ ಮಾಡಿಕೊಂಡಿದ್ದಾರೆಂದು ಅವತ್ತು ತಿಳಿಯಿತು.

ಕೊಪ್ಪಳದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಮರುದಿನದಿಂದ ಮಳೆ ಮಾರುತಗಳ ಜೊತೆಗೆ ರಸ್ತೆ ನೆರವಿನ ಪಾಠವೂ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಎದ್ದು ಹೋಗುವವರು ಹೆಚ್ಚಾದ ಮೇಲೆ, ಕೇಳಿಸಿಕೊಳ್ಳಲು ಆಫೀಸಿನ ಗುಮಾಸ್ತ ಖಾದರಸಾಬರೊಬ್ಬರೇ ಉಳಿದರು. ಅವರದು ಅವರ ಅಪ್ಪನ ಕಾಲದ ಗಾಡಿ. ಗಂಗಾವತಿಗೆ ಹೊರಟರೂ ಸರಿ, ಕುಷ್ಟಗಿಗೆ ಹೊರಟರೂ ಸರಿ, ನಡುವೆ ಎಲ್ಲಾದರೂ ಒಂದು ಕಡೆ ನಿಂತು ಉಸಿರು ತೆಗೆದುಕೊಳ್ಳದೆ ಅದು ಮುಂದೆ ಹೋಗುವುದಿಲ್ಲ. "ನಿಮಗ ಇಂಥಾದೊಂದು ಬೇಕಿತ್ತು ನೋಡ್ರಿ ಸಾಬರ," ಎಂದೆ ಕನಿಕರದಿಂದ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನಮಗ್ಯಾಕ್ರಿ ಸರ? ನಮ್ಮ ಗಾಡಿ ನಿಂತ ಊರಾಗೆಲ್ಲಾ ಒಬ್ಬೊಬ್ಬ ದೋಸ್ತ ಆಗ್ಯಾನ. ಹನುಮನಹಳ್ಯಾಗ ನಿಂತಾಗ ಒಬ್ಬಾಂವ ಮನಿಗೆ ಕರಕೊಂಡು ಹೋಗಿ ಊಟಾ ಹಾಕಿ ಕಳಿಸ್ದ. ಈಗ ಅವರ ಮನಿ ಲಗ್ನಕ್ಕ ನಾವು ಹೋಗ್ತೀವಿ, ನಮ್ಮ ಹಬ್ಬಕ್ಕ ಅವರು ಬರ್ತಾರ. ಗಾಡಿ ಛಲೋ ಇದ್ದಿದ್ರ ಇದೆಲ್ಲಾ ಎಲ್ಲಿ ಆಗ್ತಿತ್ತು?" ಎಂದರು. ಕೈಗೆಟುಕದ ದ್ರಾಕ್ಷಿ ಹುಳಿ ಎಂದುಕೊಂಡೆ. ಸುಳ್ಳು ಯಾಕೆ, ಒಮ್ಮೆಯಾದರೂ ನನ್ನ ಗಾಡಿ ಕೆಟ್ಟು ನಿಲ್ಲಲಿ ಎಂದು ಒಳಗೊಳಗೇ ಆಸೆಯಿತ್ತು. ಛತ್ರಿ ಕೊಂಡವನಿಗೆ ಮಳೆ ಬರಬೇಕಲ್ಲ.

ಗಾಡಿಯನ್ನು ನಾನು ನೋಡಿಕೊಂಡ ರೀತಿಯನ್ನೂ ಹೇಳಿಬಿಡುತ್ತೇನೆ. ಸೀಟಿನ ಮೇಲಿನ, ಟ್ಯಾಂಕಿನ ಮೇಲಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ಹಿಂದೆ ಕೂತ ಗಿರಿಜಾ ಪ್ರತಿ ಬ್ರೇಕಿಗೂ ಜಾರಿ ಬಂದು ನನ್ನ ಬೆನ್ನಿಗೆ ಬಡಿಯುತ್ತಿದ್ದಳು. ಅಮಾವಾಸ್ಯೆಯ ದಿನ ಅವಳು ಗಾಡಿಗೆ ಪೂಜೆ ಮಾಡಿ, ಕಾಯಿ ಒಡೆಸಿ, ದೃಷ್ಟಿಯಾಗಬಾರದೆಂದು ಒಂದು ನಿಂಬೆಹಣ್ಣಿಗೆ ಹಸಿಮೆಣಸಿನಕಾಯಿ ಪೋಣಿಸಿ ಹೆಡ್‌ಲೈಟಿನ ಕೆಳಗೆ ಕಟ್ಟಿದಳು. ಹೊಸ ಗಾಡಿಗೆ ಗಡ್ಡ ಬಂದಂತೆ ಕಂಡಿತು ನನಗೆ. ಅವಳು ಒಳಗೆ ಹೋದ ಮೇಲೆ ಅದನ್ನು ಬಿಚ್ಚಿ, ಕೆಳಗೆ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗಿಗೆ ಯಾರಿಗೂ ಕಾಣದ ಹಾಗೆ ಕಟ್ಟಿದೆ. ದೃಷ್ಟಿ ಹಾಕುವವರು ಬೇಕಾದರೆ ಬಗ್ಗಿ ನೋಡಿಕೊಳ್ಳಲಿ ಎಂದುಕೊಂಡು, ಆಮೇಲೆ ಮರೆತೂಬಿಟ್ಟೆ.

ಗಿರಿಜಾಳ ತಂಗಿ ಸವಿತಾಳನ್ನು ಇರಕಲ್ಲಗಡಕ್ಕೆ ಕೊಟ್ಟಿದೆ. ಚೊಚ್ಚಲ ಬಸುರಿ. ಆ ಭಾನುವಾರ ಗಂಡನ ಮನೆಯಲ್ಲಿ ಅವಳ ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ತವರಿನಿಂದ ಬಂದ ಹಸಿರು ಸೀರೆ, ಕುಬಸ ತೊಡಿಸಿ, ಕೈತುಂಬ ಹಸಿರು ಬಳೆ ಹಾಕಿ, ಮುತ್ತೈದೆಯರು ಉಡಿ ತುಂಬುತ್ತಾರೆ. ತವರಿನ ಸೀರೆ ಬಾರದೆ ಕಾರ್ಯ ಶುರುವಾಗುವುದೇ ಇಲ್ಲ. ನಮ್ಮ ಅತ್ತೆ ಹಿಂದಿನ ದಿನವೇ ಯಲಬುರ್ಗಾದಿಂದ ಹೋಗಿ ಕೂತಿದ್ದರು. ಸೀರೆ, ಬಳೆ ಎಲ್ಲ ಕೊಪ್ಪಳದಲ್ಲಿ ಆರಿಸಿ ತರುವ ಹೊಣೆ ಗಿರಿಜಾಳದು. "ಹನ್ನೆರಡರೊಳಗ ಸೀರಿ ಅಕಿ ಮೈಮ್ಯಾಲೆ ಇರಬೇಕ್ರಿ. ಇಲ್ಲಂದ್ರ ಬೀಗರ ಮುಂದ ನಮ್ಮವ್ವ ತಲಿ ಎತ್ತಂಗಿಲ್ಲ. ಬಸ್ಸಿಗೆ ಹೋಗೂಣು," ಎಂದಳು. ನನಗೆ ನಗು ಬಂತು. "ಬಸ್ ಕೆಟ್ಟರ ಯಾರು ಬರ್ತಾರ? ನಮ್ಮದು ಕೆಟ್ಟರ ಕಂಪನಿ ಬರ್ತೈತಿ," ಎಂದೆ. ಶುಭಕಾರ್ಯಕ್ಕೆ ಹೊರಟಿದ್ದೇವೆಂದು ಅವಳು ಗಾಡಿಗೆ ಕುಂಕುಮ ಹಚ್ಚಿ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದಳು. ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ಕಿನ ಸೀಟಿನ ಮೇಲೆ ಜೀವ ಬಿಗಿಹಿಡಿದು ಕೂತಳು.

ಅರ್ಧ ದಾರಿಯಲ್ಲಿ ಗಂಟು ಜಾರತೊಡಗಿತೆಂದು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆವು. ಗಂಟು ಬಿಗಿ ಮಾಡಿ ಮತ್ತೆ ಹತ್ತಿ ಗುಂಡಿ ಒತ್ತಿದರೆ ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಗಿರಿಜಾ ಹೆದರಿ, "ಏನಾತ್ರಿ?" ಎಂದಳು. ನನ್ನ ಮುಖದಲ್ಲಿ ಆಗ ಸಂತೋಷ ಕಂಡಿತಂತೆ. ಇದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಫೋನ್ ಹಚ್ಚಿದೆ. "ನಮಸ್ಕಾರ ಸರ್, ನೀವು ಈಗ ಸುರಕ್ಷಿತವಾದ ಜಾಗದಲ್ಲಿ ಇದ್ದೀರಾ?" ಎಂದು ಒಬ್ಬ ಹುಡುಗಿ ಬೆಂಗಳೂರಿನ ಕಡೆಯ ಕನ್ನಡದಲ್ಲಿ ಕೇಳಿದಳು. ನಾನು ಗಿರಿಜಾಳ ಮುಖ ನೋಡಿದೆ. "ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲಕ್ಕೆತ್ತಿದ್ದೀರಾ ಸರ್?" ಎಂದಳು. ಸ್ಟ್ಯಾಂಡು ಎತ್ತದೆ ಗಾಡಿ ಹೊಡೆಯುವ ದಡ್ಡನೆಂದುಕೊಂಡಳೇನು ಎಂದು ಸಿಟ್ಟು ಬಂತು. "ಎತ್ತೀನ್ರಿ," ಎಂದೆ ಬಿಗಿಯಾಗಿ, ಬಗ್ಗಿ ನೋಡದೆ. ಆಮೇಲೆ ಜಾಗ ಎಲ್ಲಿ ಎಂದು ಕೇಳಿದಳು. ಭೂಗೋಳದ ಮಾಸ್ತರ ಗಂಟಲು ಸರಿಮಾಡಿಕೊಂಡೆ. "ಕೊಪ್ಪಳದಿಂದ ಇರಕಲ್ಲಗಡದ ದಾರಿ. ಎಡಕ್ಕ ಬೇವಿನ ಗಿಡ, ಬಲಕ್ಕ ದೊಡ್ಡ ಬಂಡಿಗಲ್ಲು." ಹತ್ತಿರದಲ್ಲಿ ಹೋಟೆಲ್, ಆಸ್ಪತ್ರೆ, ಪೆಟ್ರೋಲ್ ಬಂಕ್ ಏನಾದರೂ ಇದೆಯಾ ಎಂದಳು. ಸುತ್ತ ನೋಡಿದೆ. "ಒಂದು ಎಮ್ಮಿ ಐತ್ರಿ." ಅವಳು, "ಅದು ಅಲ್ಲೇ ಇರುತ್ತಾ ಸರ್?" ಎಂದು ಕೇಳಿದಳು. ಪಾಪ, ನ್ಯಾಯವಾದ ಪ್ರಶ್ನೆಯೇ. ನೆರವಿನ ಗಾಡಿ ಬರುತ್ತದೆ, ದಯವಿಟ್ಟು ಕಾಯಿರಿ ಎಂದು ಫೋನಿಟ್ಟಳು.

ಈಗ ಕಾಯುವುದಷ್ಟೇ ಕೆಲಸ ಎಂದು ನೀವು ತಿಳಿದಿದ್ದರೆ ನೀವು ನಮ್ಮ ಸೀಮೆಯವರಲ್ಲ. ನಮ್ಮಲ್ಲಿ ರಸ್ತೆ ಬದಿಗೆ ಒಂದು ಗಾಡಿ ನಿಂತಿದೆ ಎಂದರೆ ಅದು ಊರ ಗಾಡಿ. ಅದನ್ನು ಮುಟ್ಟದೆ ಮುಂದೆ ಹೋಗುವುದು ಪಾಪ. ಮೊದಲು ಬಂದವನು ಗಾಡಿ ನಿಲ್ಲಿಸುತ್ತಲೇ ಡಬ್ಬಿಯಿಂದ ನಟ್ಟು ಬಿಚ್ಚುವ ಪಾನಾ ತೆಗೆದ. "ಪ್ಲಗ್ಗಿಗೆ ಕಸಾ ಕುಂತಿರ್ತೈತ್ರಿ ಸರ, ಸರೀರಿ." ನಾನು ಎರಡೂ ಕೈ ಅಗಲಿಸಿ ಅಡ್ಡ ನಿಂತು, "ಮುಟ್ಟಬ್ಯಾಡ್ರಿ, ಕಂಪನಿ ಗಾಡಿ ಬರ್ತೈತಿ," ಎಂದೆ. ಹಿಂದೆಯೇ ಬಂದ ಹಿರಿಯರೊಬ್ಬರು ಗಾಡಿಯನ್ನು ಎಡಕ್ಕೆ ಮಲಗಿಸಿ ಎಬ್ಬಿಸಿದರೆ ಸರಿಹೋಗುತ್ತದೆ ಎಂದರು. ಇನ್ನೊಬ್ಬರು ಬಲಕ್ಕೆ ಎಂದರು. ಇಬ್ಬರಿಗೂ ಅದರ ಮೇಲೆ ವಾದ ಹತ್ತಿತು. ಮತ್ತೊಬ್ಬನು ಕೆಳಗೆ ಬಗ್ಗಿ ಏನೋ ನೋಡಲು ಹೋದ, ಭುಜ ಹಿಡಿದು ಎಬ್ಬಿಸಿದೆ. "ನೋಡಿದ್ರ ಸವೆಯೂದಿಲ್ಲ ಬಿಡ್ರಿ ನಿಮ್ಮ ಗಾಡಿ," ಎಂದು ಬೇಜಾರಾಗಿ ಹೋದ. ಆ ಪುಣ್ಯಾತ್ಮನನ್ನು ಬಗ್ಗಲು ಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಇರಕಲ್ಲಗಡದ ಕಡೆಯಿಂದ ಒಂದು ಖಾಲಿ ಗೂಡ್ಸ್ ಗಾಡಿ ಬಂತು. ಅದನ್ನು ಹೊಡೆಯುತ್ತಿದ್ದವನು ಯಮನೂರಪ್ಪ ಎಂಬವನು. ಹೆಸರು ಆಮೇಲೆ ತಿಳಿಯಿತು. ಗಿರಿಜಾಳ ತೊಡೆಯ ಮೇಲಿನ ಗಂಟು ನೋಡಿದವನೇ, "ಕಾರ್ಯಕ್ಕ ಹೊಂಟೀರೇನ್ರಿ ಅಕ್ಕಾರ? ಏರಸ್ರಿ ಗಾಡಿ, ಹೊಳ್ಳಿ ಇರಕಲ್ಲಗಡಕ್ಕ ಬಿಟ್ಟು ಬರ್ತೀನಿ," ಎಂದ. ಗಿರಿಜಾ ಎದ್ದೇಬಿಟ್ಟಳು. ನಾನು ಅವನಿಗೆ ರಸ್ತೆ ನೆರವು ಎಂದರೇನು, ಅದರ ನಿಯಮಗಳೇನು, ಹೊರಗಿನವರು ಗಾಡಿ ಎತ್ತಿದರೆ ಏನಾಗುತ್ತದೆ ಎಂದು ವಿವರವಾಗಿ ಹೇಳಿದೆ. ಅವನು ಪೂರ್ತಿ ಕೇಳಿ, "ಆತ್ರಿ ಸರ. ನಿಮ್ಮ ಕಂಪನಿ ತಣ್ಣಗಿರ್ಲಿ," ಎಂದು ಕೊಪ್ಪಳದ ಕಡೆಗೆ ಹೊರಟುಹೋದ.

ಆಮೇಲೆ ಇರಕಲ್ಲಗಡದ ಬಸ್ಸು ಬಂತು. ಗಿರಿಜಾ ಓಡಿ ಕೈ ಮಾಡಿದಳು. ಡ್ರೈವರ್ ನಿಧಾನ ಮಾಡಿ, ನಿಂತ ಗಾಡಿಯನ್ನೂ ನನ್ನನ್ನೂ ನೋಡಿ, ಕಿಟಕಿಯಿಂದ ತಲೆ ಹಾಕಿ ಏನಾಯಿತೆಂದು ಸನ್ನೆಯಲ್ಲೇ ಕೇಳಿದ. ಅಷ್ಟು ಹೊತ್ತಿನಿಂದ ಬಂದವರನ್ನೆಲ್ಲ ಸಾಗಹಾಕುತ್ತಿದ್ದ ನನ್ನ ಕೈಗಳಿಗೆ ಅದೇ ರೂಢಿಯಾಗಿತ್ತು. ಬೇಡ, ಹೋಗ್ರಿ ಹೋಗ್ರಿ ಎಂದು ಬೀಸಿಬಿಟ್ಟವು. ಬಸ್ಸು ಹೊರಟಿತು. ಗಿರಿಜಾ ನನ್ನ ಕೈಗಳನ್ನೊಮ್ಮೆ ನೋಡಿದಳು, ಮುಖವನ್ನು ನೋಡಲಿಲ್ಲ. ಹೋಗಿ ಬೇವಿನ ಗಿಡದ ಕೆಳಗೆ ಕೂತು ಗಂಟನ್ನು ಎದೆಗೆ ಅವಚಿಕೊಂಡಳು.

ಬಿಸಿಲೇರಿತು, ರಸ್ತೆ ಖಾಲಿಯಾಯಿತು. ಬೇಡವೆಂದಾಗ ಬಂದವರಲ್ಲಿ ಬೇಕೆಂದಾಗ ಒಬ್ಬನೂ ಇಲ್ಲ. ಎಮ್ಮೆಯೂ ಹೋಗಿತ್ತು. ಅತ್ತೆಯಿಂದ ಫೋನು ಬಂತು. "ಹಾಂ ಅವ್ವಾ, ಬಂದ್ವಿ, ಇಲ್ಲೇ ಸಮೀಪ ಅದೀವಿ," ಎಂದು ಗಿರಿಜಾ ದನಿ ಗಟ್ಟಿ ಮಾಡಿಕೊಂಡು ಹೇಳಿದಳು. ಫೋನಿಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕಿ ಹಳೇ ಸೀರಿ ಉಟ್ಕೊಂಡು ಮಣಿ ಮ್ಯಾಲೆ ಕುಂತಿರ್ತಾಳ್ರಿ, ದಾರಿ ನೋಡ್ಕೋಂತ," ಎಂದಳು, ಅಷ್ಟೇ. ಕಂಪನಿಯ ಮೇಲಿನ ಭಕ್ತಿ ಅಲ್ಲಿಗೆ ಇಳಿಯಿತು.

ಕೊನೆಗೂ ದೂರದಲ್ಲಿ ಧೂಳು ಕಂಡಿತು. ಮುಂದಿನ ಗಾಜಿಗೆ ಕಂಪನಿಯ ಹೆಸರಿನ ಹಲಗೆ ಸಿಕ್ಕಿಸಿಕೊಂಡು ನೆರವಿನ ಗಾಡಿ ಬಂತು. ಇಳಿದವನು ಯಮನೂರಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ನೀವ ಏನ್ರಿ ಸರ?" ಎಂದ ಅವನು. ಕೊಪ್ಪಳಕ್ಕೆ ಹೋಗಿ ಚಹಾ ಕುಡಿಯುತ್ತಿದ್ದಾಗ ವರ್ಕ್‌ಶಾಪಿನಿಂದ ಫೋನ್ ಬಂತಂತೆ. ಈ ಭಾಗದಲ್ಲಿ ಕೆಟ್ಟ ಗಾಡಿ ಎತ್ತುವ ಕೆಲಸವನ್ನು ಕಂಪನಿ ಅವನಿಗೇ ಕೊಟ್ಟಿದೆಯಂತೆ. "ಮತ್ತ ಆವಾಗ ಹೇಳಬಾರದೇನಪಾ?" ಎಂದೆ. "ನೀವು ಹೇಳಾಕ ಎಲ್ಲಿ ಬಿಟ್ರಿ?" ಎಂದ. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಕೇಳಬೇಕ್ರಿ, ರೂಲ್ಸ್ ಐತಿ. ಗಾಡಿ ಯಾರರ ಮುಟ್ಟ್ಯಾರೇನು?" ಎಂದು ಕೇಳಿದ. ನಾನು ಎದೆ ಸೆಟೆಸಿ ಯಾರೂ ಇಲ್ಲ ಎಂದೆ. ಅದೊಂದು ನನ್ನ ಗೆಲುವು. ಇನ್ನು ನನ್ನ ಮೊಬೈಲಿಗೆ ಬರುವ ಗುಟ್ಟಿನ ನಂಬರು ಹೇಳಿದರಷ್ಟೇ ಗಾಡಿ ಏರಿಸಬಹುದು. ಅಲ್ಲಿ ಸಿಗ್ನಲ್ ಹೋಗಿತ್ತು. ಚಪ್ಪಲಿ ಬಿಟ್ಟು, ಕಾದ ಬಂಡೆಗಲ್ಲಿನ ಮೇಲೆ ಕುಣಿಯುತ್ತ ಹತ್ತಿ, ಮೇಲಿನಿಂದ ಕೂಗಿ ಹೇಳಿದೆ. ಗುಟ್ಟು ಸುತ್ತಲಿನ ಹೊಲಗಳಿಗೆಲ್ಲ ತಿಳಿಯಿತು.

ಇಳಿದು ಬಂದರೆ ಹೊಸ ತೊಡಕು. ರೂಲ್ಸ್ ಪ್ರಕಾರ ಗಾಡಿ ಹೋಗಬೇಕಾದ್ದು ಹಿಂದಕ್ಕೆ, ಕೊಪ್ಪಳಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಮುಂದೆ ಬಂದಳು. "ಅಣ್ಣಾ, ನಮ್ಮ ತಂಗಿ ಕುಬಸ ಐತಿ. ತವರುಮನಿ ಸೀರಿ ಇಲ್ಲೇ ನನ್ನ ಕೈಯಾಗ ಕುಂತೈತಿ," ಎಂದಳು. ಯಮನೂರಪ್ಪ ಗಾಜಿನಿಂದ ಕಂಪನಿಯ ಹಲಗೆ ತೆಗೆದು ಸೀಟಿನ ಕೆಳಗೆ ಹಾಕಿ, "ಕಂಪನಿ ಕಾಯ್ತೈತ್ರಿ ಅಕ್ಕಾರ, ಕುಬಸ ಕಾಯೂದಿಲ್ಲ. ಕುಂದರ್ರಿ," ಎಂದ. ಗಿರಿಜಾ ಮುಂದೆ ಕೂತಳು. ನಾನು ಹಿಂದೆ ಗಾಡಿಯನ್ನು ತಬ್ಬಿಕೊಂಡು ನಿಂತೆ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಇರಕಲ್ಲಗಡ ಮುಟ್ಟಿದೆವು. ಗಿರಿಜಾ ಗಂಟು ಹಿಡಿದು ಒಳಗೆ ಓಡಿದಳು. ಅತ್ತೆಯ "ಬಂದ್ಯಾ ನನ್ನವ್ವಾ" ಎಂಬ ಮಾತು ಹೊರಗಿನವರೆಗೂ ಕೇಳಿಸಿತು. ಕೇಳಿ ನನ್ನ ಜೀವ ಹಗುರಾಯಿತು. ಆ ಸಮಾಧಾನದಲ್ಲಿ ಅಂಗಳದ ಜನ ನನ್ನನ್ನು ನೋಡುತ್ತಿದ್ದ ರೀತಿಯನ್ನು ಗಮನಿಸಲಿಲ್ಲ. ಅವರ ಕಣ್ಣಿಗೆ ಕಂಡದ್ದು ಇಷ್ಟು: ಕುಬಸದ ದಿನ, ತವರಿನ ಕಡೆಯಿಂದ, ಹಾರ ಹಾಕಿ ಕುಂಕುಮ ಹಚ್ಚಿ, ಪ್ಲಾಸ್ಟಿಕ್ಕನ್ನೂ ತೆಗೆಯದ ಹೊಚ್ಚ ಹೊಸ ಮೋಟಾರ್ ಸೈಕಲ್ಲನ್ನು, ಚಕ್ರಕ್ಕೆ ಮಣ್ಣು ತಾಗಬಾರದೆಂದು ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ದೊಡ್ಡಳಿಯ ಬಂದಿದ್ದಾನೆ. ಯಾರಿಗಾಗಿ ಎಂದು ಬೇರೆ ಕೇಳಬೇಕೇ? "ಶರಣಪ್ಪಾ, ನಿನಗ ಗಾಡಿ ತಂದಾರಲೋ," ಎಂದು ಒಬ್ಬರು ಕೂಗಿದರು. ಶರಣಪ್ಪ ಸವಿತಾಳ ಗಂಡ, ನನ್ನ ಷಡ್ಕ. ಬಹಳ ಸಂಭಾವಿತ. ನಾಚಿಕೊಳ್ಳುತ್ತ ಬಂದು, "ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ ಅಣ್ಣಾರ," ಎನ್ನುತ್ತಲೇ ನಾಲ್ಕು ಜನರನ್ನು ಕರೆದು ಗಾಡಿ ಇಳಿಸಿದ. ಅವನ ತಾಯಿ ಆರತಿ ತಂದರು. ನಾನು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಅವರ ಕಣ್ಣಿನಿಂದ ಏನೂ ತಪ್ಪುವುದಿಲ್ಲ. "ಅಯ್ಯ, ಹೋದ ಅಮಾಸಿ ನಿಂಬಿಹಣ್ಣು ಇನ್ನೂ ಇಟ್ಕೊಂಡೀರೇನ್ರಿ ಅಳ್ಯಾರ? ಕೆಟ್ಟ ದೃಷ್ಟಿ ಎಲ್ಲಾ ಅದರಾಗ ಕುಂತಿರ್ತೈತಿ," ಎಂದು ಬಗ್ಗಿ, ಸ್ಪ್ರಿಂಗಿನಿಂದ ಜಾರಿ ಸೈಡ್ ಸ್ಟ್ಯಾಂಡಿನ ಸಂದಿಯಲ್ಲಿ ಸಿಕ್ಕಿದ್ದ, ಒಣಗಿ ಕಲ್ಲಾಗಿದ್ದ ನಿಂಬೆಹಣ್ಣನ್ನು ಎಳೆದು ತೆಗೆದು ಬೀದಿಗೆ ಎಸೆದರು. ಸ್ಟ್ಯಾಂಡು ಟಪ್ಪೆಂದು ಪೂರ್ತಿ ಮೇಲೇರಿತು. ಗಾಡಿ ಹಿಡಿದು ನಿಂತಿದ್ದ ಶರಣಪ್ಪ ಗುಂಡಿ ಒತ್ತಿದ. ಗಾಡಿ ಬೆಣ್ಣೆಯಂತೆ ಚಾಲೂ ಆಯಿತು. ಸ್ಟ್ಯಾಂಡು ಕೆಳಗಿದ್ದರೆ ಈಗಿನ ಗಾಡಿಗಳು ಚಾಲೂ ಆಗುವುದಿಲ್ಲ ಎಂದು ಶೋರೂಮಿನವನು ಹೇಳಿದ್ದು ಆಗ ನೆನಪಾಯಿತು. ಹೇಳುವಾಗ ನಾನು ಆಕಳಿಸುತ್ತಿದ್ದೆ. ಮಂದಿಯೆಲ್ಲ ದೃಷ್ಟಿ ಹೋಯಿತು ಎಂದರು. ನಾನೂ ಹೌದೌದು ಎಂದೆ.

ಸತ್ಯ ಹೊರಬಿದ್ದದ್ದು ಯಮನೂರಪ್ಪನಿಂದ. "ಗಾಡಿ ಚಾಲೂ ಆತಲ್ರಿ, ಇನ್ನ ಕೊಪ್ಪಳಕ್ಕ ಯಾಕ. ಮಾಲಕರು ಗಾಡಿ ಬಾಜೂಕ ನಿಂದ್ರ್ರಿ, ಫೋಟೋ ಹೊಡದು ಕಂಪನಿಗೆ ಕಳಸ್ತೀನಿ," ಎಂದು ಮೊಬೈಲ್ ತೆಗೆದ. ಗಾಡಿಯ ಎಡಕ್ಕೆ ನಾನು ನಿಂತೆ, ಬಲಕ್ಕೆ ಶರಣಪ್ಪ ಬಂದು ನಿಂತ. "ಒಬ್ಬರ ಮಾಲಕರು ಬೇಕ್ರಿ," ಎಂದ ಯಮನೂರಪ್ಪ. ಬಾಗಿಲಲ್ಲಿ ನಿಂತಿದ್ದ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಗುನಗುತ್ತಲೇ ನಡೆದದ್ದನ್ನೆಲ್ಲ ಹೇಳಿದಳು, ನನ್ನ ಕೈ ಬಸ್ಸನ್ನು ಕಳಿಸಿದ್ದನ್ನೂ ಬಿಡಲಿಲ್ಲ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಹಸಿರು ಸೀರೆಯುಟ್ಟು ಒಳಗೆ ಕೂತಿದ್ದ ಸವಿತಾಳ ನಗುವೂ ಕೇಳಿಸಿತು. ಶರಣಪ್ಪನೊಬ್ಬನ ಮುಖ ಮಾತ್ರ ಕೆಂಪಾಗಿ, ಅವನು ಮೆಲ್ಲಗೆ ಕೀಲಿಯನ್ನು ನನ್ನ ಕೈಗಿಡಲು ಬಂದ. ನನಗೆ ತಡೆಯಲಾಗಲಿಲ್ಲ. "ಇರ್ಲಿ ಶರಣಪ್ಪಾ, ನಾಕ್ ದಿನ ಓಡ್ಸು. ಎಲ್ಲಿ ಹೋಗತೈತಿ," ಎಂದುಬಿಟ್ಟೆ. ಬಸ್ಸಿನಲ್ಲಿ ಮನೆಗೆ ಬಂದೆವು. ಗಿರಿಜಾ ಕಿಟಕಿಯ ಬದಿಗೆ ಕೂತು, ಬೀಗರು ಕಟ್ಟಿಕೊಟ್ಟ ಕರ್ಚಿಕಾಯಿ ನನ್ನ ಕೈಗಿಟ್ಟಳು. ಬೆಳಿಗ್ಗೆಯೇ ಹೇಳಿದ್ದೆ ಎಂಬ ಮಾತನ್ನು ಮಾತ್ರ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮರುದಿನ ಕಾಲೇಜಿಗೆ ನಡೆದು ಹೋದವನನ್ನು ಕಂಡು ಖಾದರಸಾಬರು ಗಾಡಿ ಎಲ್ಲಿ ಎಂದು ಕೇಳಿದರು. ಎಲ್ಲ ಹೇಳಿದೆ. "ಆತಲ್ರಿ ಸರ. ನಿಮಗೂ ಒಬ್ಬ ದೋಸ್ತ ಸಿಕ್ಕಾನ," ಎಂದರು. ದೋಸ್ತನೇನೋ ಸಿಕ್ಕಿದ್ದಾನೆ, ಗಾಡಿ ಸಿಕ್ಕಿಲ್ಲ. ನಾಲ್ಕು ದಿನ ಎಂದದ್ದು ಮುಗಿದು ಬಹಳ ದಿನವಾಯಿತು. ಫೋನ್ ಮಾಡಿದಾಗಲೆಲ್ಲ ಶರಣಪ್ಪ, "ಇವತ್ತ ತರೂನು ಅಂತಿದ್ನ್ರಿ ಅಣ್ಣಾರ, ಗೊಬ್ಬರದ ಕೆಲಸ ಬಂತು," ಎನ್ನುತ್ತಾನೆ. ಗಾಡಿಯನ್ನು ಭಾಳ ಜ್ವಾಕಿಯಿಂದ ಇಟ್ಟಿದ್ದಾನಂತೆ, ಪ್ಲಾಸ್ಟಿಕ್ಕು ಮಾತ್ರ ತೆಗೆದು ಹಾಕಿದ್ದಾನಂತೆ. ಮೊನ್ನೆ ಕಂಪನಿಗೇ ಫೋನ್ ಹಚ್ಚಿದೆ. ದೇಶದಾಗ ಎಲ್ಲೆ ಇದ್ರೂ ಎತ್ತಿ ತರ್ತೀವಿ ಅಂದಿದ್ರಲ್ರಿ, ನಂದು ಇರಕಲ್ಲಗಡದಾಗ ಐತಿ ಎಂದೆ. "ಏನು ತೊಂದರೆ ಸರ್? ಸ್ಟಾರ್ಟ್ ಆಗ್ತಿಲ್ವಾ?" ಎಂದಳು ಅದೇ ಹುಡುಗಿ. "ಆಗತೈತ್ರಿ. ಭಾಳ ಛಲೋ ಓಡಾಕತ್ತೈತಿ. ಅದ ತ್ರಾಸು," ಎಂದೆ. "ಕ್ಷಮಿಸಿ ಸರ್, ಕೆಟ್ಟು ನಿಂತ ಗಾಡಿಯನ್ನ ಮಾತ್ರ ನಾವು ಎತ್ತೋದು," ಎಂದಳು.

ಅಂದಿನಿಂದ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಈ ವಾರ ಮತ್ತೆ ಅಮಾವಾಸ್ಯೆ. ಗಾಡಿ ಯಾರ ಮನೆಯಲ್ಲಿದ್ದರೂ ನಮ್ಮದೇ ಅಲ್ಲವೇ, ಹೋಗಿ ದೃಷ್ಟಿ ಕಟ್ಟಿ ಬರ್ರಿ ಎಂದು ಗಿರಿಜಾ ದಪ್ಪನೆಯ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ನನ್ನ ಚೀಲದಲ್ಲಿಟ್ಟಿದ್ದಾಳೆ. ಬೆಳಗಿನ ಬಸ್ಸಿಗೇ ಹೊರಟಿದ್ದೇನೆ. ಎಲ್ಲಿ ಕಟ್ಟಬೇಕೆಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ.